ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲುತ್ತದೆ, ಮೊಬೈಲ್ ಯಾಕೆ ನಿಲ್ಲುವುದಿಲ್ಲ?

ಪಿಲ್ಲಗುಂಪೆ ಎಂಬ ಹೆಸರು ನಮ್ಮ ಕರಾವಳಿಯ ಓದುಗರಲ್ಲಿ ಹೆಚ್ಚಿನವರಿಗೆ ಪರಿಚಯವಿರಲಿಕ್ಕಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲೂಕಿನ ಊರು ಅದು. (ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಜುಲೈಯಲ್ಲಿ ತೀರ್ಮಾನಿಸಿತು.) ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಒಂದು ಕೈಗಾರಿಕಾ ಪ್ರದೇಶ ಅಲ್ಲಿದೆ. ಬಂಟ್ವಾಳದಿಂದ ಹೊರಟು ಶಿರಾಡಿ ಘಾಟಿ ಹತ್ತಿ, ಹಾಸನ, ನೆಲಮಂಗಲ, ಬೆಂಗಳೂರು ದಾಟಿ ಕೋಲಾರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 75 ಹೊಸಕೋಟೆಯನ್ನು ಹಾದೇ ಹೋಗುತ್ತದೆ. ಹಾಗಾಗಿ ನಮ್ಮ ಮನೆಯಂಗಳದ ರಸ್ತೆಯ ಇನ್ನೊಂದು ತುದಿಯಲ್ಲಿ ಪಿಲ್ಲಗುಂಪೆ ಇದೆ ಎಂದರೂ ತಪ್ಪಿಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಯುವಕರು ಹಿಂದೆ ಮುಂಬಯಿಗೆ ಹೋಗುತ್ತಿದ್ದ ಹಾಗೆ ಈಗ ಬೆಂಗಳೂರಿನ ಸುತ್ತಲಿನ ಇಂಥ ಕೈಗಾರಿಕಾ ಪ್ರದೇಶಗಳಿಗೆ ಹೋಗುತ್ತಾರೆ.

ಅಂಥ ಒಬ್ಬ ಯುವಕನ ತಾಯಿ ಕಳೆದ ಕೆಲವು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದರು. ಬಂದದ್ದು ಬೇರೆ ಕೆಲಸಕ್ಕೆ, ಮಾತು ಹೊರಳಿದ್ದು ಮಗನ ಕಡೆಗೆ. "ಫಾದರ್, ಅವನ ಫೋನ್ ಬಾರದೆ ನನಗೆ ನಿದ್ರೆ ಬರುವುದಿಲ್ಲ. ಬಂದ ಮೇಲೂ ಬರುವುದಿಲ್ಲ" ಎಂದರು. ಮಗನದು ಪಾಳಿಯ ಕೆಲಸ. ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಎರಡನೇ ಪಾಳಿ ಮುಗಿಸಿ ಕೋಣೆಗೆ ಬಂದು ಊಟ ಮಾಡಿ ಅವನು ಫೋನ್ ಮಾಡುವಾಗ ಇಲ್ಲಿ ಹನ್ನೊಂದೂವರೆ. ಅಲ್ಲಿಯವರೆಗೆ ಇವರು ಮೊಬೈಲನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಒಂದಾದ ಮೇಲೊಂದು ವಿಡಿಯೋ ನೋಡುತ್ತಿರುತ್ತಾರೆ. ಇಷ್ಟಾದ ಮೇಲೆ ಆ ತಾಯಿಯೇ ನಮ್ಮಲ್ಲಿ ಕೇಳಿದ್ದು: "ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬದಿಗಿಡಬೇಕಂತೆ, ಹೌದಾ?"

ಹೌದು ಎಂದು ಹೇಳಿಬಿಡುವುದು ಸುಲಭ. ವೈದ್ಯರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಶಾಲೆಯ ಪಾಲಕರ ಸಭೆಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಭಾಷಣ ಮಾಡುತ್ತಾರೆ, ನಾವೂ ಪ್ರವಚನದಲ್ಲಿ ಹೇಳಿದ್ದುಂಟು. ಆದರೆ ಆ ತಾಯಿಗೆ ಈ ಸಲಹೆಯನ್ನು ಪಾಲಿಸುವುದು ಸಾಧ್ಯವೇ? ಆಕೆಯ ಮಗನಿಗೆ ಸಾಧ್ಯವೇ? ಸಲಹೆ ಸರಿಯಾಗಿದ್ದರೂ ಅದನ್ನು ಹೇಳುತ್ತಿರುವುದು ತಪ್ಪಾದ ವ್ಯಕ್ತಿಗೆ ಎಂಬ ಸಂಶಯ ನಮಗೆ ಬಂದದ್ದು ಅಲ್ಲಿಂದ.

ಮೊದಲಿಗೆ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಕತ್ತಲಾಗುತ್ತಿದ್ದಂತೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಸೂಚನೆ ಅದು. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕಾಗಿ ಇರುವ ಕೋಶಗಳಲ್ಲದೆ, ಹಗಲೋ ಇರುಳೋ ಎಂಬುದನ್ನು ಮಿದುಳಿನ ಗಡಿಯಾರಕ್ಕೆ ತಿಳಿಸುವ ಬೇರೆಯೇ ಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ಈ ಕೋಶಗಳನ್ನು ನೀಲಿ ಬೆಳಕು ಹೆಚ್ಚು ಕೆಣಕುತ್ತದೆ. ಮೊಬೈಲ್, ಟ್ಯಾಬ್, ಎಲ್‌ಇಡಿ ಟಿವಿಯ ಪರದೆಗಳಲ್ಲಿ ಆ ಬೆಳಕು ಧಾರಾಳವಾಗಿದೆ. ದೇಹದೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದದ್ದನ್ನು ಓದುಗರು ನೆನಪಿಸಿಕೊಳ್ಳಬಹುದು.

ಈ ವಿಷಯದಲ್ಲಿ ಹೆಚ್ಚಾಗಿ ಉದಾಹರಿಸಲ್ಪಡುವ ಪರೀಕ್ಷೆಯೊಂದನ್ನು ಬೋಸ್ಟನ್ನಿನ ಸಂಶೋಧಕರು 2014ರ ಡಿಸೆಂಬರಿನಲ್ಲಿ ಪ್ರಕಟಿಸಿದರು. 12 ಮಂದಿಯನ್ನು ಪ್ರಯೋಗಾಲಯದಲ್ಲಿಯೇ ಇರಿಸಿ, ಐದು ರಾತ್ರಿ ಮಲಗುವ ಮೊದಲು ಸುಮಾರು ನಾಲ್ಕು ಗಂಟೆ ಟ್ಯಾಬ್ಲೆಟ್‌ನಲ್ಲಿ, ಇನ್ನೈದು ರಾತ್ರಿ ಅಚ್ಚಾದ ಪುಸ್ತಕದಲ್ಲಿ ಓದಿಸಿದರು. ಟ್ಯಾಬ್ಲೆಟ್ ಓದಿದ ರಾತ್ರಿಗಳಲ್ಲಿ ಮೆಲಟೋನಿನ್ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು, ದೇಹದ ಗಡಿಯಾರ ಸುಮಾರು ಒಂದೂವರೆ ಗಂಟೆ ಹಿಂದೆ ಬಿದ್ದಿತ್ತು. ನಿದ್ರೆ ಹತ್ತಲು ಹೆಚ್ಚು ಹಿಡಿದ ಸಮಯ ಮಾತ್ರ ಸುಮಾರು 10 ನಿಮಿಷ.

ಹತ್ತೇ ನಿಮಿಷ. ಈ ಸಂಖ್ಯೆಯನ್ನು ಭಾಷಣಕಾರರು ಸಾಮಾನ್ಯವಾಗಿ ಹೇಳುವುದಿಲ್ಲ. ನೀಲಿ ಬೆಳಕನ್ನು ತಗ್ಗಿಸಿ ಪರದೆಯನ್ನು ಹಳದಿ ಮಾಡುವ ಸೌಲಭ್ಯವನ್ನು ಐಫೋನ್ 2016ರಲ್ಲಿ ತಂದಿತು, ಬಳಿಕ ಉಳಿದ ಫೋನುಗಳಲ್ಲೂ ಬಂತು. ಇದರಿಂದ ನಿದ್ರೆ ಸುಧಾರಿಸುತ್ತದೆಯೇ ಎಂದು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯದವರು ಯುವಜನರಲ್ಲಿ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಹಳದಿ ಪರದೆ ಬಳಸಿದವರಿಗೂ ಮಾಮೂಲಿ ಪರದೆ ಬಳಸಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ದಿನಕ್ಕೆ ಸುಮಾರು ಏಳು ಗಂಟೆ ಮಲಗುವ ಅಭ್ಯಾಸವಿದ್ದವರಲ್ಲಿ, ಮಲಗುವ ಮೊದಲು ಫೋನನ್ನೇ ಮುಟ್ಟದವರು ಸ್ವಲ್ಪ ಚೆನ್ನಾಗಿ ನಿದ್ರಿಸಿದ್ದರು. ಅದಕ್ಕಿಂತ ಕಡಿಮೆ ನಿದ್ರೆಯವರಲ್ಲಿ ಫೋನ್ ಇದ್ದರೂ ಇಲ್ಲದಿದ್ದರೂ ಒಂದೇ. ದಣಿದವನಿಗೆ ಪರದೆ ಯಾವ ಬಣ್ಣದ್ದಾದರೇನು?

ಹಾಗಾದರೆ ಫೋನಿನಿಂದ ತೊಂದರೆಯಿಲ್ಲವೇ? ಇದೆ, ಆದರೆ ಅದು ಬೆಳಕಿಗಿಂತ ಹೆಚ್ಚಾಗಿ ಬೇರೆ ಎರಡು ದಾರಿಯಲ್ಲಿ ಬರುತ್ತದೆ. ಒಂದನೆಯದು, ಫೋನ್ ನುಂಗುವ ಸಮಯ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ ಕೂಲಿಕಾರನ ಕೈಗೂ ಎಟಕುವಷ್ಟು ಅಗ್ಗವಾಯಿತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾದ ಮರುತಿಂಗಳೇ ಇನ್‌ಸ್ಟಾಗ್ರಾಂ ತನ್ನ ರೀಲ್ಸ್ ಅನ್ನು ಭಾರತಕ್ಕೆ ತಂದಿತು. ಹಿಂದೆ ದೂರದರ್ಶನದ ಕಾರ್ಯಕ್ರಮಕ್ಕೆ ಒಂದು ಕೊನೆಯಿತ್ತು. ರೀಲ್ಸ್‌ಗೆ ಕೊನೆಯೆಂಬುದೇ ಇಲ್ಲ. ತಮ್ಮ ನಿಜವಾದ ಪ್ರತಿಸ್ಪರ್ಧಿ ಜನರ ನಿದ್ರೆ ಎಂಬರ್ಥದ ಮಾತನ್ನು ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರೇ 2017ರಲ್ಲಿ ಆಡಿದ್ದರು. ಅವರು ತಮಾಷೆಗೆ ಹೇಳಿದ್ದಿರಬಹುದು, ನಾವು ಮಾತ್ರ ಅದನ್ನು ತಮಾಷೆ ಎಂದು ತೆಗೆದುಕೊಂಡಿಲ್ಲ.

ಎರಡನೆಯದು, ಫೋನ್ ಹೊತ್ತು ತರುವ ವಿಷಯ. ಮಲಗುವ ಹೊತ್ತಿಗೆ ಬರುವ ಮೇಲಧಿಕಾರಿಯ ಸಂದೇಶ, ಕುಟುಂಬದ ಗುಂಪಿನಲ್ಲಿ ಜಾಗದ ಪಾಲಿನ ಬಗ್ಗೆ ಎದ್ದ ಜಗಳ, ನಾಳೆಯ ಪರೀಕ್ಷೆಯ ಬಗ್ಗೆ ಶಿಕ್ಷಕರ ಸೂಚನೆ. ಇವನ್ನು ಓದಿ ಫೋನನ್ನು ಎಷ್ಟು ದೂರ ಇಟ್ಟರೂ ಓದಿದ್ದು ತಲೆಯಲ್ಲಿಯೇ ಇರುತ್ತದೆ. ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ ಕರೆದ ತಜ್ಞರ ಸಮಿತಿ 2024ರಲ್ಲಿ ಪರದೆಗಳಿಂದ ಮಕ್ಕಳ ಮತ್ತು ಹದಿಹರೆಯದವರ ನಿದ್ರೆ ಕೆಡುತ್ತದೆ ಎಂಬುದನ್ನು ಒಪ್ಪಿತು, ನೋಡುವ ವಿಷಯದ ಪಾತ್ರವನ್ನೂ ಒತ್ತಿ ಹೇಳಿತು. ವಯಸ್ಕರ ವಿಷಯದಲ್ಲಿ ಅಂಥ ಒಮ್ಮತ ಮೂಡಲಿಲ್ಲ. ಆದ್ದರಿಂದ ಮನೆಯಲ್ಲಿ ಮಕ್ಕಳಿದ್ದವರು ಈ ಸಲಹೆಯನ್ನು ಹಗುರವಾಗಿ ಕಾಣುವಂತಿಲ್ಲ. ಆರರಿಂದ ಹನ್ನೆರಡು ವರ್ಷದ ಮಗುವಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ರೆ ಬೇಕು ಎಂಬುದು ನಿದ್ರಾತಜ್ಞರ ಲೆಕ್ಕ. ಬೆಳಗ್ಗೆ ಏಳೂಕಾಲಿಗೆ ಶಾಲೆಯ ಬಸ್ಸು ಹತ್ತುವ ಮಗು ಆರಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ಮಲಗಿರಬೇಕು. ನಮ್ಮ ಎಷ್ಟು ಮನೆಗಳಲ್ಲಿ ಒಂಬತ್ತಕ್ಕೆ ಮಕ್ಕಳು ಮಲಗುತ್ತಾರೆ?

ಈಗ ಪಿಲ್ಲಗುಂಪೆಯ ಯುವಕನ ಕೋಣೆಗೆ ಬರೋಣ. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು, ಹೀಗೆ ಪಾಳಿ ಬದಲಾಗುತ್ತದೆ. ಮೂರು ನಾಲ್ಕು ಮಂದಿ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಾರೆ, ಒಬ್ಬೊಬ್ಬರದು ಒಂದೊಂದು ಪಾಳಿ. ಒಬ್ಬನು ಮಲಗುವಾಗ ಇನ್ನೊಬ್ಬ ಏಳುತ್ತಾನೆ, ಮೂರನೆಯವನು ಊಟಕ್ಕೆ ಕುಳಿತಿರುತ್ತಾನೆ. ರಾತ್ರಿ ಪಾಳಿಯವನು ಬೆಳಗ್ಗೆ ಆರಕ್ಕೆ ಗೇಟಿನಿಂದ ಹೊರಬರುವಾಗ ಸೂರ್ಯ ಮೂಡುತ್ತಿರುತ್ತಾನೆ. ಹೊರಗಿನ ಹಗಲಿನ ಬೆಳಕಿನ ಮುಂದೆ ಮೊಬೈಲಿನ ಬೆಳಕು ಏನೇನೂ ಅಲ್ಲ. ಮೋಡವಿಲ್ಲದ ಬಯಲಿನಲ್ಲಿ ಬೆಳಕು ಹತ್ತಾರು ಸಾವಿರ ಲಕ್ಸ್ ಇರುತ್ತದೆ, ಕಣ್ಣಿಗೆ ತಲುಪುವ ಮೊಬೈಲಿನ ಬೆಳಕು ನೂರನ್ನೂ ಮುಟ್ಟುವುದು ಕಷ್ಟ. ಅವನ ದೇಹದ ಗಡಿಯಾರವನ್ನು ಕೆಡಿಸುವುದು ಕೈಯಲ್ಲಿರುವ ಪರದೆಯಲ್ಲ, ನೆತ್ತಿಯ ಮೇಲಿನ ಸೂರ್ಯ. ಅಂಥವನಿಗೆ "ಮಲಗುವ ಮೊದಲು ಮೊಬೈಲ್ ನೋಡಬೇಡ" ಎಂದಷ್ಟೇ ಹೇಳಿದರೆ ಅರ್ಧ ಸತ್ಯ ಹೇಳಿದಂತೆ. ಕೋಣೆಯ ಕಿಟಕಿಗೆ ದಪ್ಪ ಬಟ್ಟೆಯ ಪರದೆ ಕಟ್ಟು, ಬೆಳಗ್ಗೆ ಮನೆಗೆ ನಡೆದು ಬರುವಾಗ ಕಪ್ಪು ಕನ್ನಡಕ ಹಾಕು, ಹಗಲು ಮಲಗಿದಾಗ ಅಮ್ಮನ ಮತ್ತು ಕಾರ್ಖಾನೆಯ ಸಂಖ್ಯೆ ಬಿಟ್ಟು ಉಳಿದ ಯಾವ ಕರೆಯೂ ಸದ್ದು ಮಾಡದ ಹಾಗೆ ಫೋನನ್ನು ಹೊಂದಿಸಿಕೋ ಎಂದು ಹೇಳಬೇಕು. ಈಗಿನ ಎಲ್ಲ ಸ್ಮಾರ್ಟ್‌ಫೋನುಗಳಲ್ಲೂ 'ಡು ನಾಟ್ ಡಿಸ್ಟರ್ಬ್' ಎಂಬ ಈ ಸೌಲಭ್ಯವಿದೆ. ಐದು ನಿಮಿಷದ ಕೆಲಸ. ಗೊತ್ತಿಲ್ಲದವರಿಗೆ ನಮ್ಮ ಯುವ ಸಂಘಟನೆಯವರು ಕಲಿಸಿಕೊಡಬಹುದು.

(ಹೊಸಕೋಟೆಯ ಹೆಸರು ಕೇಳಿದೊಡನೆ ಅನೇಕರಿಗೆ ನೆನಪಾಗುವುದು ಅಲ್ಲಿಯ ದಮ್ ಬಿರಿಯಾನಿ. ನಸುಕಿನ ನಾಲ್ಕು ಗಂಟೆಗೆಲ್ಲ ಅದಕ್ಕಾಗಿ ಬೆಂಗಳೂರಿನಿಂದ ಕಾರು, ಬೈಕುಗಳಲ್ಲಿ ಬಂದು ಸಾಲು ನಿಲ್ಲುತ್ತಾರೆ. ರಾತ್ರಿಯಿಡೀ ದುಡಿಯುವವರೂ ರಾತ್ರಿಯಿಡೀ ಎಚ್ಚರವಾಗಿದ್ದು ತಿನ್ನಲು ಬರುವವರೂ ಒಂದೇ ಊರಿನಲ್ಲಿ ಎದುರಾಗುತ್ತಾರೆ. ಮೊದಲನೆಯವರು ಬೇರೆ ದಾರಿಯಿಲ್ಲದೆ ನಿದ್ರೆ ಕಳೆದುಕೊಂಡವರು, ಎರಡನೆಯವರು ಮನಸ್ಸಾರೆ ಬಿಟ್ಟವರು.)

ನಿದ್ರೆಗೆಟ್ಟರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸತತ 17 ಗಂಟೆ ಎಚ್ಚರವಾಗಿದ್ದವನ ಕೈಕಣ್ಣುಗಳ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯಾಂಶವಿದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದ ಕೊನೆಯಿಂದ ನಡೆದ ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದಲ್ಲಿ ವಾಹನ ಚಲಾಯಿಸುವವರಿಗೆ ಕಾನೂನಿನ ಮಿತಿ 0.03. ಅಂದರೆ ಬೆಳಗ್ಗೆ ಎದ್ದು ಹಗಲೆಲ್ಲ ರೀಲ್ಸ್ ನೋಡಿ, ಮಲಗದೆ ರಾತ್ರಿ ಪಾಳಿಗೆ ಹೋದ ಹುಡುಗ ಮರುದಿನ ಬೆಳಗ್ಗೆ ಬೈಕು ಹತ್ತಿದರೆ, ಒಂದು ತೊಟ್ಟೂ ಕುಡಿಯದೆ ಕುಡಿದವನಂತೆ ಹೆದ್ದಾರಿಗೆ ಇಳಿಯುತ್ತಾನೆ. ಪೊಲೀಸರ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಕಾರ್ಖಾನೆಯೊಳಗೆ ಪ್ರೆಸ್ಸಿನ ಮುಂದೆ, ಲೇತಿನ ಮುಂದೆ ನಿಂತಾಗಲೂ ಅಷ್ಟೇ. ಬೆರಳು ಹೋದವರ ಲೆಕ್ಕದಲ್ಲಿ ನಿದ್ರೆಯ ಕಾಲಂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯ ಕೆಲಸವನ್ನು ಕ್ಯಾನ್ಸರಿಗೆ ಕಾರಣವಾಗುವ ಸಂಭವವಿರುವ ಪಟ್ಟಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಮರುಪರಿಶೀಲಿಸಿ ಅಲ್ಲಿಯೇ ಉಳಿಸಿತು ಎಂಬುದನ್ನೂ ಗಮನಿಸಬೇಕು.

ಇಷ್ಟಿದ್ದೂ ಸರಕಾರಗಳ ಒಲವು ಯಾವ ಕಡೆಗೆ? 2023ರಲ್ಲಿ ಕರ್ನಾಟಕ ವಿಧಾನಮಂಡಲವು ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಲು, ಷರತ್ತುಗಳೊಂದಿಗೆ ಮಹಿಳೆಯರನ್ನೂ ರಾತ್ರಿ ಪಾಳಿಗೆ ತೆಗೆದುಕೊಳ್ಳಲು ಅವಕಾಶ ಮಾಡಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲೂ ಮಹಿಳೆಯರ ಒಪ್ಪಿಗೆಯ ಮೇಲೆ ರಾತ್ರಿ ಕೆಲಸಕ್ಕೆ ದಾರಿಯಿದೆ. ಉದ್ಯೋಗ ಬೇಕು, ಮಹಿಳೆಯರಿಗೂ ಸಮಾನ ಅವಕಾಶ ಬೇಕು, ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಕೆಲಸ ಮುಗಿದ ಮೇಲೆ ಕೆಲಸಗಾರನನ್ನು ಅವನ ಪಾಡಿಗೆ ಬಿಡಬೇಕು ಎಂಬ ಮಾತು ಎಲ್ಲಿಯೂ ಗಟ್ಟಿಯಾಗಿ ಬಂದಿಲ್ಲ. ಫ್ರಾನ್ಸಿನಲ್ಲಿ 2017ರ ಜನವರಿಯಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಬಂದ ಕರೆಗೆ, ಸಂದೇಶಕ್ಕೆ ಉತ್ತರಿಸದಿರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆಯವರು ಇದೇ ವಿಷಯದ ಖಾಸಗಿ ಮಸೂದೆಯನ್ನು 2018ರಲ್ಲಿ ಒಮ್ಮೆ, 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಲೋಕಸಭೆಯಲ್ಲಿ ಮಂಡಿಸಿದರು. 1970ರ ನಂತರ ನಮ್ಮ ಸಂಸತ್ತಿನಲ್ಲಿ ಒಂದೇ ಒಂದು ಖಾಸಗಿ ಮಸೂದೆಯೂ ಕಾಯಿದೆಯಾಗಿಲ್ಲ. ಅದರ ಮೇಲೆ ಹೆಚ್ಚಿನ ಭರವಸೆ ಇಡುವಂತಿಲ್ಲ.

ಕಾಯಿದೆ ಬರುವವರೆಗೆ ಕಾಯಬೇಕೇ? ಬೆಳಗಾವಿ ತಾಲೂಕಿನ ಹಲಗಾ ಗ್ರಾಮದವರು ಕಾಯಲಿಲ್ಲ. 2025ರ ಡಿಸೆಂಬರಿನಲ್ಲಿ ಅಲ್ಲಿಯ ಗ್ರಾಮ ಪಂಚಾಯತಿ ಒಂದು ನಿಯಮ ಮಾಡಿತು. ಸಂಜೆ ಏಳಕ್ಕೆ ಸೈರನ್ ಮೊಳಗುತ್ತದೆ. ಅಲ್ಲಿಂದ ಒಂಬತ್ತರವರೆಗೆ ಎರಡು ಗಂಟೆ ಮನೆಗಳಲ್ಲಿ ಟಿವಿ, ಮೊಬೈಲ್ ಬಂದ್, ಮಕ್ಕಳು ಓದಬೇಕು. ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಇದು ಮೊದಲೇ ನಡೆದಿತ್ತು. ಅಲ್ಲಿಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಸ್ವಾತಂತ್ರ್ಯ ದಿನದಂದು ಊರ ದೇವಸ್ಥಾನದಿಂದ ಸಂಜೆ ಏಳಕ್ಕೆ ಸೈರನ್ ಹಾಕಿ ಒಂದೂವರೆ ಗಂಟೆಯ ಈ ವ್ರತವನ್ನು ಆರಂಭಿಸಿದ್ದರು. ಕೊರೋನಾ ಕಾಲದ ಆನ್‌ಲೈನ್ ತರಗತಿಗಳಿಗೆಂದು ಮಕ್ಕಳ ಕೈಗೆ ಕೊಟ್ಟ ಮೊಬೈಲನ್ನು ಮತ್ತೆ ಹಿಂದಕ್ಕೆ ಪಡೆಯಲಾಗದೆ ಊರಿಗೆ ಊರೇ ಸೋತಾಗ ಹುಟ್ಟಿದ ಉಪಾಯ ಅದು.

ಈ ಸೈರನ್ನಿನ ಉದ್ದೇಶ ಓದು, ನಿದ್ರೆಯಲ್ಲ ಎಂಬುದನ್ನು ನಾವು ಬಲ್ಲೆವು. ಏಳರಿಂದ ಒಂಬತ್ತರವರೆಗೆ ಬದಿಗಿಟ್ಟ ಫೋನನ್ನು ಒಂಬತ್ತರಿಂದ ಹನ್ನೆರಡರವರೆಗೆ ಹಿಡಿದರೆ ನಿದ್ರೆಗೆ ಯಾವ ಲಾಭವೂ ಇಲ್ಲ. ಆದರೂ ಹಲಗಾದವರು ಒಂದು ಸತ್ಯವನ್ನು ಕಂಡುಕೊಂಡರು. ಒಂದು ಮನೆಯ ಮಗು ಮಾತ್ರ ಫೋನ್ ಬಿಟ್ಟರೆ ಗೆಳೆಯರ ಗುಂಪಿನಲ್ಲಿ ಅದು ಹೊರಗಿನದಾಗುತ್ತದೆ, ಇಡೀ ಊರು ಬಿಟ್ಟರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಜಪಾನಿನ ತೊಯೊಆಕೆ ಎಂಬ ನಗರ 2025ರ ಅಕ್ಟೋಬರ್ 1ರಿಂದ ನಿದ್ರೆಯನ್ನೇ ಮುಂದಿಟ್ಟು ಒಂದು ಸ್ಥಳೀಯ ನಿಯಮ ತಂದಿದೆ. ಓದು, ಕೆಲಸ ಬಿಟ್ಟು ಉಳಿದ ಕಾರಣಕ್ಕೆ ದಿನಕ್ಕೆ ಎರಡು ಗಂಟೆ ಮಾತ್ರ ಫೋನ್, ಪ್ರಾಥಮಿಕ ಶಾಲೆಯ ಮಕ್ಕಳು ರಾತ್ರಿ ಒಂಬತ್ತಕ್ಕೆ, ಅದಕ್ಕಿಂತ ದೊಡ್ಡವರು ಹತ್ತಕ್ಕೆ ಅದನ್ನು ಬದಿಗಿಡಬೇಕು ಎಂಬುದು ಅಲ್ಲಿಯ ಸೂಚನೆ. ದಂಡವಿಲ್ಲ, ಶಿಕ್ಷೆಯಿಲ್ಲ. ಇದೆಲ್ಲ ಮನೆಯೊಳಗಿನ ವಿಷಯ, ನಗರಸಭೆಗೆ ಇದರಲ್ಲಿ ಏನು ಕೆಲಸ ಎಂದು ಅಲ್ಲಿ ಹಲವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲೂ ಹುರುಳಿಲ್ಲದೆ ಇಲ್ಲ.

ನಮ್ಮ ಕರಾವಳಿಗೆ ಇದು ಹೊಸ ಪಾಠವಲ್ಲ. 2000ನೇ ಇಸವಿಯಲ್ಲಿ ಕೇಂದ್ರ ಸರಕಾರ ಶಬ್ದ ಮಾಲಿನ್ಯ ನಿಯಮಗಳನ್ನು ತಂದು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗಿನ ಹೊತ್ತನ್ನು ರಾತ್ರಿಯೆಂದು ಕರೆದು ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದಾಗ ನಮ್ಮಲ್ಲೇ ಎಷ್ಟು ಗೊಣಗಾಟವಿತ್ತು! ವಾರ್ಷಿಕ ಹಬ್ಬದ ನಾಟಕ ಏನಾಗಬೇಕು, ಮದುವೆಯ ಮುನ್ನಾದಿನದ ರೋಸಿನ ಬ್ಯಾಂಡ್ ಏನಾಗಬೇಕು, ರಾತ್ರಿಯಿಡೀ ಆಡುವ ಯಕ್ಷಗಾನದ ಗತಿಯೇನು ಎಂದು ಎಲ್ಲ ಸಮುದಾಯದವರೂ ಕೇಳಿದರು. ಯಕ್ಷಗಾನದ ಬಗೆಗಿನ ಚರ್ಚೆ ಈಚಿನ ವರ್ಷಗಳವರೆಗೂ ನಡೆಯಿತು. ವರ್ಷಕ್ಕೊಂದು ರಾತ್ರಿ ಊರೆಲ್ಲ ಸೇರಿ ನಿದ್ರೆಗೆಟ್ಟು, ಮರುದಿನ ಮಧ್ಯಾಹ್ನದವರೆಗೆ ಮಲಗುವುದರಿಂದ ಯಾರಿಗೂ ಏನೂ ಆಗದು ಎಂಬ ವಾದವೂ ಇತ್ತು, ನಮಗೆ ಅದು ಸರಿಯೆಂದೇ ಕಾಣುತ್ತದೆ. ಆದರೂ ಪಕ್ಕದ ಮನೆಯ ರೋಗಿಗೆ, ಪರೀಕ್ಷೆಗೆ ಓದುವ ಮಗುವಿಗೆ ನಿದ್ರೆಯ ಹಕ್ಕಿದೆ ಎಂಬುದನ್ನು ನಿಧಾನವಾಗಿ ಒಪ್ಪಿದೆವು. ಹಬ್ಬದ ಕಾರ್ಯಕ್ರಮಗಳು ಬೇಗ ಆರಂಭವಾಗತೊಡಗಿದವು, ನಾಟಕಗಳು ಎರಡೂವರೆ ಗಂಟೆಗೆ ಇಳಿದವು.

ಹತ್ತು ಗಂಟೆಯ ನಂತರ ಮೈದಾನದ ಧ್ವನಿವರ್ಧಕದಿಂದ ಮಾತನಾಡಿದರೆ ಪೊಲೀಸರು ಬರುತ್ತಾರೆ. ಅದೇ ಮಾತನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ಮುನ್ನೂರು ಮಂದಿಯ ತಲೆದಿಂಬಿನ ಬಳಿ ಏಕಕಾಲಕ್ಕೆ ಗುಂಯ್‌ಗುಟ್ಟಿಸಿದರೆ ಕೇಳುವವರಿಲ್ಲ. ಇದು ನಮ್ಮ ಮುಖ್ಯ ತಕರಾರು. ಮಲಗುವ ಮೊದಲು ಫೋನ್ ನೋಡಬೇಡಿ ಎಂದು ಓದುವವನಿಗೆ ಹೇಳುತ್ತಲೇ ಇದ್ದೇವೆ. ಆ ಹೊತ್ತಿನಲ್ಲಿ ಕಳುಹಿಸಬೇಡಿ ಎಂದು ಕಳುಹಿಸುವವನಿಗೆ ಹೇಳಿದವರು ಯಾರು? ಪಿಲ್ಲಗುಂಪೆಯ ಯುವಕ ಫೋನನ್ನು ಆರಿಸಿ ಮಲಗಲಾರ, ಏಕೆಂದರೆ ನಾಳೆಯ ಪಾಳಿಯ ಬದಲಾವಣೆ ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಬರುತ್ತದೆ. ನೋಡದೆ ತಪ್ಪಿಸಿಕೊಂಡರೆ ಒಂದು ದಿನದ ಸಂಬಳ ಹೋಗುತ್ತದೆ. ಮೇಲ್ವಿಚಾರಕ ಅದನ್ನೇ ಸಂಜೆ ಆರಕ್ಕೆ ಹಾಕಿದರೆ ಯಾವ ಕಾರ್ಖಾನೆಯೂ ಮುಳುಗುವುದಿಲ್ಲ. ಶಾಲೆಯ ಮಗು ಫೋನ್ ಬಿಡಲಾರದು, ಏಕೆಂದರೆ ಮನೆಪಾಠದ ಪಟ್ಟಿ ರಾತ್ರಿ ಒಂಬತ್ತೂವರೆಗೆ ಬರುತ್ತದೆ. ನಮ್ಮದೇ ಶಿಕ್ಷಣ ಸಂಸ್ಥೆಗಳು ಬಹಳಷ್ಟಿವೆ. ಸಂಜೆ ಏಳರ ನಂತರ ತರಗತಿಯ ಗುಂಪಿಗೆ ಯಾವ ಸೂಚನೆಯೂ ಹೋಗಬಾರದು ಎಂದು ಆಡಳಿತ ಮಂಡಳಿಗಳು ಒಂದೇ ಸುತ್ತೋಲೆಯಲ್ಲಿ ಹೇಳಬಹುದು, ಶಿಕ್ಷಕಿಯರೂ ಸಂತೋಷದಿಂದ ಒಪ್ಪುತ್ತಾರೆ. ಅವರ ರಾತ್ರಿಯೂ ಹೀಗೆಯೇ ಕಳೆಯುತ್ತಿದೆ.

ಹೊರನಾಡಿನ ಕುಟುಂಬಗಳದು ಇನ್ನೂ ಕಷ್ಟದ ವಿಷಯ. ಕುವೈತ್, ಸೌದಿ, ಕತಾರ್ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ. ಕುವೈತಿನಲ್ಲಿ ಮಗ ಕೆಲಸ ಮುಗಿಸಿ ಊಟ ಮಾಡಿ ಒಂಬತ್ತಕ್ಕೆ ವಿಡಿಯೋ ಕರೆ ಮಾಡಿದರೆ ಇಲ್ಲಿ ಹನ್ನೊಂದೂವರೆ. ಕೆನಡಾಕ್ಕೆ ಹೋದ ಮಗಳು ಮಧ್ಯಾಹ್ನದ ಬಿಡುವಿನಲ್ಲಿ ಮಾತನಾಡಿದರೆ ಇಲ್ಲಿ ನಡುರಾತ್ರಿ. ಎಪ್ಪತ್ತು ದಾಟಿದ ತಂದೆತಾಯಿಗೆ ದಿನದ ಏಕೈಕ ಸಂತೋಷ ಆ ಕರೆ. ಅದನ್ನು ನಿಲ್ಲಿಸಿ ಎಂದು ಹೇಳುವ ಧೈರ್ಯ ನಮಗಿಲ್ಲ, ಹೇಳಬೇಕಾಗಿಯೂ ಇಲ್ಲ. ವಾರಕ್ಕೆರಡು ದಿನ ನಿಗದಿ ಮಾಡಿ, ರಜೆಯ ದಿನ ನಮ್ಮ ಸಂಜೆಯ ಹೊತ್ತಿಗೆ ಮಾತನಾಡುವ ಮನೆಗಳನ್ನು ನಾವು ಕಂಡಿದ್ದೇವೆ. ಅಲ್ಲಿಯ ಹಿರಿಯರಿಗೆ ಉಳಿದ ರಾತ್ರಿಗಳಲ್ಲಿ ಕಾಯುವ ಕೆಲಸವಿಲ್ಲ. ನಿದ್ರೆ ಕೆಡಿಸುವುದು ಕರೆಗಿಂತ ಹೆಚ್ಚಾಗಿ ಕರೆಗಾಗಿ ಕಾಯುವುದು. ಮೊದಲು ಹೇಳಿದ ತಾಯಿಯದೂ ಇದೇ ಕತೆ.

ಈಗ ನಮ್ಮ ವಿಷಯ. ಧರ್ಮಕೇಂದ್ರದ ಗುಂಪು, ಪಾಲನಾ ಮಂಡಳಿಯ ಗುಂಪು, ವಾಳೆಯ ಗುರಿಕಾರರ ಗುಂಪು, ಗಾಯನ ಮಂಡಳಿಯ ಗುಂಪು, ಹಬ್ಬದ ಸಮಿತಿಯ ಗುಂಪು. ಕಳೆದ ತಿಂಗಳು ಒಂದು ದಿನ ನಾವೇ ನಮ್ಮ ಫೋನಿನಲ್ಲಿ ಹಿಂದಕ್ಕೆ ಹೋಗಿ ನೋಡಿದೆವು. ನಾವು ಕಳುಹಿಸಿದ ಸೂಚನೆಗಳಲ್ಲಿ ಬಹುಪಾಲು ರಾತ್ರಿ ಹತ್ತರ ನಂತರದವು. ಹಗಲೆಲ್ಲ ಓಡಾಟ ಮುಗಿಸಿ, ಊಟವಾದ ಮೇಲೆ ಕುಳಿತು ನಾಳೆಯ ಬಲಿಪೂಜೆಯ ವೇಳೆ, ಭಾನುವಾರದ ಶ್ರಮದಾನ, ಮರಣದ ಸುದ್ದಿ, ಎಲ್ಲವನ್ನೂ ಒಟ್ಟಿಗೆ ಹಾಕುವುದು ನಮ್ಮ ಅಭ್ಯಾಸ. ಕೂಡಲೇ ಐವತ್ತು ಮಂದಿ ಕೈಮುಗಿದ ಚಿತ್ರ ಹಾಕುತ್ತಾರೆ. ಅಷ್ಟು ಮಂದಿ ಎಚ್ಚರವಾಗಿದ್ದಾರೆ ಎಂದು ನಮಗೆ ಸಂತೋಷವೂ ಆಗುತ್ತಿತ್ತು! ಸಂಜೆ ಜಪಸರದ ಹೊತ್ತಿಗೆ ಫೋನ್ ಬದಿಗಿಡಿ ಎಂದು ಮನೆಮನೆಗೆ ಹೋಗಿ ಹೇಳುವ ನಾವೇ ಅವರ ಮಲಗುವ ಹೊತ್ತಿಗೆ ಫೋನ್ ಕೈಗೆತ್ತಿಸುತ್ತಿದ್ದೆವು.

ಒಂದು ತೊಡಕಿದೆ. ಧರ್ಮಗುರುಗಳು ರಾತ್ರಿ ಫೋನ್ ಆರಿಸುವಂತಿಲ್ಲ. ಸಾಯುವ ಹೊತ್ತಿನಲ್ಲಿ ರೋಗಿಯ ಅಭ್ಯಂಗಕ್ಕೆ ಕರೆ ಯಾವ ಗಳಿಗೆಯಲ್ಲೂ ಬರಬಹುದು. ವೈದ್ಯರಿಗೆ, ದಾದಿಯರಿಗೆ, ಆಂಬುಲೆನ್ಸ್ ಚಾಲಕರಿಗೆ, ಮೀನುಗಾರಿಕೆಗೆ ಹೋದವರ ಮನೆಯವರಿಗೂ ಇದೇ ಪಾಡು. ಇದಕ್ಕೆ ಪರಿಹಾರ ಕರೆಯನ್ನೂ ಸಂದೇಶವನ್ನೂ ಬೇರೆ ಮಾಡುವುದು. ತುರ್ತಿದ್ದವರು ಕರೆ ಮಾಡಲಿ, ಅದು ಸದ್ದು ಮಾಡಲಿ. ಉಳಿದ ಸಂದೇಶಗಳೆಲ್ಲ ಬೆಳಗಿನವರೆಗೆ ಮೌನವಾಗಿರಲಿ. ಫೋನ್ ಮಂಚದ ಮೇಲಲ್ಲ, ಕೋಣೆಯ ಆ ಬದಿಯ ಮೇಜಿನ ಮೇಲಿರಲಿ. ಅಲಾರಂಗೆ ಹಳೆಯ ಗಡಿಯಾರವೊಂದಿದ್ದರೆ ಇನ್ನೂ ಒಳ್ಳೆಯದು. ಬಿಟ್ಟೆನೆಂದರೂ ಬಿಡಲಾಗದವರು, ಮಕ್ಕಳ ಚಟ ಕೈಮೀರಿದೆ ಎಂದು ಕಾಣುವ ಪಾಲಕರು ನಾಚಿಕೆ ಪಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ಇದಕ್ಕೆಂದು 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ಆರಂಭಿಸಿತು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಈ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಕಚೇರಿಯಿಂದ ಯಾವ ಗುಂಪಿಗೂ ರಾತ್ರಿ ಎಂಟೂವರೆಯ ನಂತರ, ಬೆಳಗ್ಗೆ ಆರಕ್ಕೆ ಮೊದಲು ಸಂದೇಶ ಹೋಗುತ್ತಿಲ್ಲ. ಮರಣದ ಸುದ್ದಿಗೆ ಮಾತ್ರ ವಿನಾಯಿತಿ ಇಡಬೇಕೆಂದು ಗುರಿಕಾರರು ಕೇಳಿದರು, ಇಟ್ಟಿದ್ದೇವೆ. ಎರಡು ಸಲ ನಾವೇ ಮರೆತು ಒಂಬತ್ತಕ್ಕೆ ಹಾಕಿದೆವು, ಗಾಯನ ಮಂಡಳಿಯ ಹುಡುಗಿಯೊಬ್ಬಳು "ಫಾದರ್, ಸಮಯ ನೋಡಿ" ಎಂದು ಮರುದಿನ ಬೆಳಗ್ಗೆ ಆರೂ ಐದಕ್ಕೆ ಉತ್ತರಿಸಿದಳು.

ಪಿಲ್ಲಗುಂಪೆಯ ಯುವಕನ ತಾಯಿ ಕಳೆದ ಭಾನುವಾರ ಮತ್ತೆ ಸಿಕ್ಕರು. ಮಗ ಈಗ ಎರಡನೇ ಪಾಳಿಯ ವಾರಗಳಲ್ಲಿ ಕೆಲಸಕ್ಕೆ ಹೊರಡುವ ಮೊದಲು, ಮಧ್ಯಾಹ್ನ ಒಂದಕ್ಕೆ ಫೋನ್ ಮಾಡುತ್ತಾನಂತೆ. ರಾತ್ರಿ ಕೋಣೆ ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಮಾತ್ರ. ಪಾಳಿ ಬದಲಾವಣೆಯ ಸಂದೇಶ ಈಗಲೂ ಹನ್ನೊಂದಕ್ಕೇ ಬರುತ್ತದಂತೆ.